ಸಂಪಿಗೆಯ ಹೆಸರಿಗೊಂದು ಓ

ನಮ್ಮೂರಿನ ಬಾವಿಗೆ ಬಗ್ಗಿ ಊರಿನವರ ಹೆಸರು ಹಿಡಿದು ಕೂಗಿದರೆ ಅದು ಓ ಅನ್ನುತ್ತದೆ. ಹೊರಗಿನವರ ಹೆಸರಿಗೆ ಅನ್ನುವುದಿಲ್ಲ. ಹೀಗಾಗಿ ಯಾರು ಊರಿನವರು, ಯಾರು ಅಲ್ಲ ಎನ್ನುವುದಕ್ಕೆ ನಮ್ಮಲ್ಲಿ ಜಗಳ ಕಡಿಮೆ. ಮಿಕ್ಕ ಎಲ್ಲದಕ್ಕೂ ಇದೆ.

ಮಗುವನ್ನು ಶಾಲೆಗೆ ಸೇರಿಸಬೇಕೆಂದರೆ ಬಾವಿ ಕಚೇರಿಯಿಂದ ಓಗೊಟ್ಟ ಚೀಟಿ ತರಬೇಕು. ಮನೆ ಕಟ್ಟಬೇಕೆಂದರೂ ಅದೇ ಚೀಟಿ, ಸತ್ತವರನ್ನು ಹೂಳಬೇಕೆಂದರೂ ಅದೇ ಚೀಟಿ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕಾಫಿ ಮುಗಿಸಿ ಸಾಲಾಗಿ ಬಾವಿಕಟ್ಟೆಗೆ ಬಂದು, ಹುಡುಗಿಯ ಹೆಸರು ಕೂಗಿಸಿ, ತಲೆ ಓರೆ ಮಾಡಿ ಕೇಳಿಸಿಕೊಂಡು ಹೋಗುತ್ತಾರೆ. ಪಿಂಚಣಿಯ ಮುದುಕರು ವರ್ಷಕ್ಕೊಮ್ಮೆ ಬಂದು ತಾವಿನ್ನೂ ಬದುಕಿದ್ದೇವೆಂದು ಬಾವಿಯ ಬಾಯಲ್ಲಿ ಹೇಳಿಸಬೇಕು. ಎದುರಿಗೆ ಕೋಲೂರಿಕೊಂಡು ನಿಂತಿದ್ದರೂ ಬಾವಿ ಹೇಳುವ ತನಕ ಗುಮಾಸ್ತರು ನಂಬುವುದಿಲ್ಲ.

ಒಬ್ಬೊಬ್ಬರ ಹೆಸರಿಗೆ ಬಾವಿಯದು ಒಂದೊಂದು ದನಿ. ಹಿಟ್ಟಿನ ಗಿರಣಿಯ ಬೋರಯ್ಯನವರ ಮೀಸೆ ಕಿವಿಯ ತನಕ ಇದೆ. ಅವರ ಹೆಸರು ಕೂಗಿದರೆ ಬಾವಿ ಹಲ್ಲಿಲ್ಲದ ಮುದುಕಿಯ ಹಾಗೆ ‘ಓ ಕಂದಾ’ ಎಂದು ಎಳೆಯುತ್ತದೆ. ಅದಕ್ಕೇ ಅವರು ಬಾವಿಯ ಹತ್ತಿರ ಸುಳಿಯುವುದಿಲ್ಲ. ನನ್ನ ಹೆಸರಿಗೆ ಬರುವುದು ಗಂಡಸಿನ ದನಿ, ಅದೂ ಮೂಗಿನಲ್ಲಿ. ಕೊನೆಗೊಂದು ಸೀನು. ಚಿಕ್ಕವಳಿದ್ದಾಗ ನನ್ನ ವಾರಗೆಯ ಮಕ್ಕಳು ಕೆಲಸವಿಲ್ಲದ ಹೊತ್ತಿನಲ್ಲಿ ಬಾವಿಗೆ ಹೋಗಿ ನನ್ನ ಹೆಸರು ಕೂಗಿ, ಸೀನಿಸಿ, ನಗುತ್ತಾ ಓಡಿಬರುತ್ತಿದ್ದರು. ಯಾರ ದನಿ ಯಾಕೆ ಹಾಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮೂಗು ಯಾಕೆ ಹೀಗಿದೆ ಎಂದು ಕೇಳಿದ ಹಾಗೆ ಅದು.

ನನ್ನ ಹೆಸರು ದೊಡ್ಡತಾಯಿ. ಅಜ್ಜಿಯ ಹೆಸರನ್ನೇ ಇಟ್ಟರು. ಅಜ್ಜಿಯ ಮೈಕಟ್ಟಾಗಲಿ ಗಂಟಲಾಗಲಿ ಜೊತೆಗೆ ಬರಲಿಲ್ಲ. ನಾನು ಹುಟ್ಟಿದ್ದು ಸಂತೆಯಿಂದ ವಾಪಸು ಬರುತ್ತಿದ್ದ ಎತ್ತಿನ ಗಾಡಿಯಲ್ಲಿ, ಎರಡು ಈರುಳ್ಳಿ ಮೂಟೆಗಳ ನಡುವೆ. ಗಾಡಿ ಆಗ ಊರಿನ ಗಡಿಕಲ್ಲು ದಾಟಿತ್ತೋ ಇಲ್ಲವೋ ಎಂಬುದಕ್ಕೆ ಗಾಡಿಯವನದು ಒಂದು ಮಾತು, ಹೆರಿಗೆ ಮಾಡಿಸಿದ ಸೂಲಗಿತ್ತಿ ಕೆಂಪಾಜಿಯದು ಇನ್ನೊಂದು ಮಾತು. ಹನ್ನೊಂದನೆಯ ದಿನ ಬಾವಿ ಓ ಅಂದಿತು, ಮಾತು ಅಲ್ಲಿಗೆ ನಿಂತಿತು.

ಶಾಲೆಯಲ್ಲಿ ಮಾತ್ರ ನನ್ನ ಪರವಾಗಿ ಓ ಅನ್ನುವವರು ಇರಲಿಲ್ಲ. ಶಿವನಂಜಪ್ಪ ಮೇಷ್ಟ್ರು ಹಾಜರಿ ಕೂಗುವಾಗ ಎದ್ದುನಿಂತು ‘ಹಾಜರ್ ಸಾರ್’ ಎನ್ನಬೇಕಿತ್ತು. ನನ್ನ ಸರದಿ ಹತ್ತಿರ ಬರುತ್ತಿದ್ದ ಹಾಗೆ ಎದೆ ಡವಗುಟ್ಟುತ್ತಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ ಹೊರಗೆ ಬರುತ್ತಿತ್ತು. ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಾ ‘ದೊಡ್ಡತಾಯಿ ಬಂದಿಲ್ಲ’ ಎಂದು ಬರೆದುಕೊಳ್ಳುತ್ತಿದ್ದರು. ಮೂರು ವರ್ಷ ಒಂದು ದಿನವೂ ತಪ್ಪಿಸದೆ ಶಾಲೆಗೆ ಹೋಗಿ ಗೈರುಹಾಜರಾದೆ. ನಾಲ್ಕನೆಯ ವರ್ಷ ಹೆಸರು ಹೊಡೆದುಹಾಕಿದರು.

ಆಮೇಲೆ ಬಾವಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಟ್ಟೆ ಗುಡಿಸುವುದು, ಹಗ್ಗ ಒಣಗಿಸುವುದು, ಬಾವಿಯೊಳಗೆ ಇಳಿಯುವ ಮೆಟ್ಟಿಲ ಪಾಚಿ ಕೆರೆಯುವುದು. ಬಾಯಿ ತೆರೆಯಬೇಕಾದ ಕೆಲಸ ಒಂದೂ ಇಲ್ಲ. ಮಾತಾಡದವರ ಮುಂದೆ ಜನ ಗೋಡೆಯ ಮುಂದೆ ಇರುವ ಹಾಗೆ ಇರುತ್ತಾರೆ. ಹಾಗಾಗಿ ನಾನು ಬಹಳ ನೋಡಿದ್ದೇನೆ. ಗುಮಾಸ್ತರು ಗುರುಮಲ್ಲಪ್ಪನವರು. ನೆಂಟಸ್ತಿಕೆ ಏನೂ ಇಲ್ಲದಿದ್ದರೂ ನಾನು ಮಾವ ಅನ್ನುತ್ತೇನೆ. ವಯಸ್ಸಿನಲ್ಲಿ ಇದೇ ಬಾವಿಯಲ್ಲಿ ಹಗ್ಗ ಎಳೆಯುತ್ತಿದ್ದವರು, ನಾನು ಹುಟ್ಟಿ ನಾಲ್ಕೈದು ವರ್ಷಕ್ಕೆ ಹಳೆಯ ಗುಮಾಸ್ತರು ತೀರಿಕೊಂಡಾಗ ಕುರ್ಚಿಗೆ ಬಂದರು. ನಿಯಮ ಎಂದರೆ ಅವರಿಗೆ ಪ್ರಾಣ. ನಸ್ಯ ಎಂದರೆ ಪ್ರಾಣಕ್ಕಿಂತ ಒಂದು ಚಿಟಿಕೆ ಹೆಚ್ಚು.

ಆಷಾಢದ ಒಂದು ಬೆಳಗ್ಗೆ ಪಂಕಜಾಕ್ಷಿ ತನ್ನ ನಾಲ್ಕು ವರ್ಷದ ಮಗಳನ್ನು ಕೈಹಿಡಿದು ಕಚೇರಿಗೆ ಬಂದಳು. ಪಂಕಜಾಕ್ಷಿ ನಮ್ಮ ಬಾವಿಕೇರಿಯವಳೇ. ಏಳೆಂಟು ವರ್ಷದ ಹಿಂದೆ ನರ್ಸ್ ಕೆಲಸಕ್ಕೆಂದು ಸಮುದ್ರದಾಚೆಯ ಒಂದು ರೇವು ಪಟ್ಟಣಕ್ಕೆ ಹೋಗಿದ್ದಳು, ಅಲ್ಲೇ ಮದುವೆಯೂ ಆಗಿತ್ತು. ಈಗ ಅಲ್ಲಿಯವರು ಕೆಲಸ ಮುಗಿಯಿತು, ಹೊರಡಿ ಎಂದಿದ್ದರು. ಇಲ್ಲಿಯ ಆಸ್ಪತ್ರೆಯವರು ಬಾ ಎಂದಿದ್ದರು. ಮಗಳ ಹೆಸರು ಸಂಪಿಗೆ. ಆ ಹುಡುಗಿ ಒಳಗೆ ಬಂದವಳೇ ನಾನು ಕೂತಿದ್ದ ಮೂಲೆಗೆ ಬಂದು, “ನೀನು ಯಾಕೆ ಬಾಗಿಲ ಹಿಂದೆ ಇದ್ದೀಯ?” ಎಂದು ಗಟ್ಟಿಯಾಗಿ ಕೇಳಿದಳು. ಇಡೀ ಕಚೇರಿ ನನ್ನ ಕಡೆ ತಿರುಗಿತು. ನಾನು ಹಗ್ಗದ ಸಿಂಬಿಯೊಳಗೆ ಮುಖ ಹಾಕಿದೆ.

“ಮಗು ಎಲ್ಲಿ ಹುಟ್ಟಿದ್ದು?” ಗುರುಮಲ್ಲಪ್ಪನವರು ಫಾರಂ ಬಿಡಿಸಿದರು.

“ಸಮುದ್ರದಾಚೆ ಅಣ್ಣ.”

“ಸಮುದ್ರದಾಚೆ ಅನ್ನೋ ಕಾಲಂ ಇಲ್ಲ. ಊರೊಳಗೆ, ಗಡಿಕಲ್ಲಿನ ಹೊರಗೆ, ಎರಡೇ ಇರೋದು.”

“ಹಂಗಾದ್ರೆ ಹೊರಗೆ ಅಂತ ಬರ್ಕೊಳ್ಳಿ.”

“ಗಡಿಕಲ್ಲಿಂದ ಎಷ್ಟು ಮಾರು?”

ಪಂಕಜಾಕ್ಷಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. “ಹಡಗಲ್ಲಿ ಹದಿನೇಳು ದಿನ ಆಗುತ್ತೆ ಅಣ್ಣ.”

“ದಿನ ಬೇಡಮ್ಮ, ಮಾರು ಹೇಳು. ಹೋಗ್ಲಿ, ಹೆರಿಗೆ ಕೋಣೆ ಬಾಗ್ಲು ಯಾವ ದಿಕ್ಕಿಗಿತ್ತು?”

“ನೋವಲ್ಲಿ ದಿಕ್ಕು ಯಾರಣ್ಣ ನೋಡ್ತಾರೆ?”

“ನೋಡ್ಬೇಕಿತ್ತು,” ಎಂದರು ಗುರುಮಲ್ಲಪ್ಪನವರು, ನಿಜವಾಗಿಯೂ ಬೇಸರ ಮಾಡಿಕೊಂಡು. “ತಂದೆ ಊರು?”

“ಅವರು ಹಡಗಲ್ಲಿ ಅಡುಗೆ ಮಾಡ್ತಾರೆ.”

“ಕೆಲಸ ಕೇಳ್ಲಿಲ್ಲ, ಊರು ಕೇಳ್ದೆ.”

“ಅವರು ಹುಟ್ಟಿದ್ದೂ ಹಡಗಲ್ಲೇ ಅಣ್ಣ.”

ಗುರುಮಲ್ಲಪ್ಪನವರು ಪೆನ್ನು ಕೆಳಗಿಟ್ಟು, ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ಸೀನಿದರು. ಅಂಥ ಸೀನು ದೊಡ್ಡ ತೊಡಕು ಬಂದಾಗ ಮಾತ್ರ.

ಸಮುದ್ರದಾಚೆಯ ಆಸ್ಪತ್ರೆಯ ಕಾಗದವೂ ಒಂದಿತ್ತು, ನೀಲಿ ಮೊಹರು ಒತ್ತಿದ್ದು. ಅದನ್ನು ಓದಿ ಹೇಳಲು ಶಿವನಂಜಪ್ಪ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ರಿಟೈರಾಗಿ ಎಂಟು ವರ್ಷವಾಗಿದ್ದರೂ ಊರಿಗೆ ನಿಘಂಟು ಅವರೊಬ್ಬರದೇ. ಕಾಗದ ಹೇಳಿದ್ದು ಇಷ್ಟು: ಈ ಮಗು ಇಲ್ಲಿ ಹುಟ್ಟಿದೆ, ಆದರೆ ಇಲ್ಲಿಯದಲ್ಲ, ತಂದೆತಾಯಿಯ ಊರೇ ಇದರ ಊರು.

“ಅವರು ನಮ್ಮ ಕಡೆ ಕೈ ತೋರಿಸ್ತಾರೆ,” ಎಂದರು ಗುರುಮಲ್ಲಪ್ಪನವರು. “ನಾವು ಬಾವಿ ಕಡೆ ಕೈ ತೋರಿಸ್ತೀವಿ. ನಡೀರಿ, ಕೂಗಿ ನೋಡೋಣ.”

ಹೊರಗೆ ಹುಟ್ಟಿದವರ ಹೆಸರನ್ನು ನಲವತ್ತೆಂಟು ದಿನದಲ್ಲಿ ಮೂರು ಬಾರಿ ಕೂಗಬಹುದು ಎಂದು ನಿಯಮ. ಬಂದ ದಿನ, ಇಪ್ಪತ್ತನಾಲ್ಕನೆಯ ದಿನ, ನಲವತ್ತೆಂಟನೆಯ ದಿನ. ಪ್ರತಿ ಬಾರಿಯೂ ಮೂರು ಕೂಗು. ಕಡೆಯ ಕೂಗಿಗೂ ಬಾವಿ ಸುಮ್ಮನಿದ್ದರೆ ಅವರು ಸಂಜೆಯೊಳಗೆ ಗಡಿಕಲ್ಲು ದಾಟಬೇಕು. ಗುರುಮಲ್ಲಪ್ಪನವರು ಕಟ್ಟೆಗೆ ಬಗ್ಗಿ, ಒಂದು ಕಿವಿಗೆ ಬೆರಳಿಟ್ಟುಕೊಂಡು, “ಬಾವಿಕೇರಿ ಪಂಕಜಾಕ್ಷಿ ಮಗಳು ಸಂಪಿಗೇ...” ಎಂದು ಮೂರು ಸಲ ಕೂಗಿದರು. ಕೆಳಗೆ ಒಂದು ಕಪ್ಪೆ ನೀರಿಗೆ ಹಾರಿತು. ಅಷ್ಟೇ.

ಆಮೇಲಿನ ಮೂರು ವಾರ ಇಬ್ಬರು ಗಂಡಸರು ಮಾರು ಲೆಕ್ಕ ಹಾಕಿದರು. ಮೇಷ್ಟ್ರು ರಿಟೈರಾದಾಗ ಶಾಲೆಯವರು ಶಾಲಿನ ಬದಲು ಒಂದು ಹಳೆಯ ಭೂಗೋಳ ಕೊಟ್ಟಿದ್ದರು. ಅದನ್ನು ತಂದು ಕಚೇರಿಯ ಮೇಜಿನ ಮೇಲಿಟ್ಟರು. ಅದರ ಮೇಲೆ ನಮ್ಮೂರು ಇರಲಿಲ್ಲ. ಮೇಷ್ಟ್ರು ಸುಮಾರಾಗಿ ಒಂದು ಜಾಗ ಗೊತ್ತುಮಾಡಿ ಸುಣ್ಣದ ಚುಕ್ಕೆ ಇಟ್ಟರು; ಕೈ ನಡುಗಿ ಚುಕ್ಕೆ ಅರ್ಧ ಸಮುದ್ರಕ್ಕೆ ಬಿತ್ತು. “ಒದ್ದೆಯಾಗ್ಲಿಲ್ಲ ತಾನೆ?” ಎಂದು ಸಂಪಿಗೆ ಕೇಳಿದಳು. ನಾನು ಹೂವಿನ ದಾರ ಕೊಟ್ಟೆ. ಅದನ್ನು ಗೋಳಕ್ಕೆ ಸುತ್ತಿ, ಬಿಚ್ಚಿ, ಜಗಳವಾಡಿ, ಮತ್ತೆ ಸುತ್ತಿ, ಕೊನೆಗೆ ನಲವತ್ತೊಂದು ಲಕ್ಷ ಮಾರು ಮೂರು ಗೇಣು ಎಂದು ಫಾರಮಿನಲ್ಲಿ ತುಂಬಿದರು. ಆ ಮೂರು ಗೇಣು ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ತಿಳಿಯದು. ಗುರುಮಲ್ಲಪ್ಪನವರಿಗೆ ಮಾತ್ರ ಗೇಣು ಬರೆದ ಮೇಲೆಯೇ ಸಮಾಧಾನವಾದದ್ದು.

ಆಸ್ಪತ್ರೆಯಲ್ಲಿ ಪಂಕಜಾಕ್ಷಿಗೆ ಕೆಲಸ ಶುರುವಾಗಿತ್ತು. ಚೀಟಿ ಇಲ್ಲದ ಮಗುವನ್ನು ಅಂಗನವಾಡಿಯಲ್ಲೂ ಕೂರಿಸಿಕೊಳ್ಳಲಿಲ್ಲ. ಹಾಗಾಗಿ ಸಂಪಿಗೆ ದಿನವಿಡೀ ನನ್ನ ಹಿಂದೆಯೇ. ಅವಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ, ನನಗೆ ಮಾತಾಡಲು ಬರುತ್ತಿರಲಿಲ್ಲ. ಇಬ್ಬರಿಗೂ ಚೆನ್ನಾಗಿ ಹೊಂದಿತು. ನನ್ನನ್ನು ದೊಡ್ಡಿ ಅನ್ನುತ್ತಿದ್ದಳು. ನಾನು ಕಟ್ಟೆ ಗುಡಿಸುವಾಗ ಅವಳು ನನ್ನ ಸೊಂಟ ಹಿಡಿದು ಬಾವಿಗೆ ಬಗ್ಗಿ, ಗೊತ್ತಿದ್ದವರ ಹೆಸರನ್ನೆಲ್ಲ ಕೂಗುತ್ತಿದ್ದಳು. ಬೋರಯ್ಯನವರ ಹೆಸರಿಗೆ ‘ಓ ಕಂದಾ’ ಬಂದರೆ ನಕ್ಕು ಉರುಳುತ್ತಿದ್ದಳು. ನನ್ನ ಹೆಸರು ಕೂಗಿ ಸೀನು ಬಂದರೆ ಬಾವಿಗೆ ಸೆರಗು ಒಡ್ಡು, ಮೂಗು ಒರೆಸಬೇಕು ಅನ್ನುತ್ತಿದ್ದಳು. ಒಂದು ದಿನ ತನ್ನ ಹೆಸರನ್ನೇ ಕೂಗಿಕೊಂಡಳು. ಕಾದಳು. ಇನ್ನೊಮ್ಮೆ ಕೂಗಿದಳು, ಸ್ವಲ್ಪ ಮೆತ್ತಗೆ.

“ದೊಡ್ಡಿ, ಬಾವಿಗೆ ನನ್ನ ಮೇಲೆ ಕೋಪನಾ?”

ನಾನು ತಲೆಯಾಡಿಸಿದೆ, ಇಲ್ಲ ಎಂದು.

“ಮತ್ತೆ ನಾಚಿಕೆನಾ? ನಿನ್ನ ಥರ?”

ನಾನು ಪೊರಕೆ ಎತ್ತಿಕೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

ಇಪ್ಪತ್ತನಾಲ್ಕನೆಯ ದಿನ ಮಾರು ಗೇಣುಗಳ ಸಮೇತ ಕೂಗಿದರೂ ಬಾವಿ ಸುಮ್ಮನಿತ್ತು. ಊರಿನವರು ಒಬ್ಬೊಬ್ಬರು ಒಂದೊಂದು ದಾರಿ ಹೇಳಿದರು. ಬಾವಿಗೆ ಬೆಲ್ಲ ಹಾಕಿ ಎಂದರು ಕೆಲವರು. ಮಗುವಿಗೆ ಬಾವಿಯ ನೀರನ್ನೇ ಕುಡಿಸಿ ಎಂದರು ಇನ್ನು ಕೆಲವರು. ಅವಳು ದಿನಾ ಅದನ್ನೇ ಕುಡಿಯುತ್ತಿದ್ದಳು. ಕೆಂಪಾಜಿಗಂತೂ ಸಿಟ್ಟೇ ಬಂದಿತ್ತು. ಎಂಬತ್ತು ದಾಟಿದ್ದ ಅವರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಾ, “ಈ ಕೂಸು ನನ್ನ ಕೈಗೆ ಬಂದಿದ್ರೆ ಬಾವಿ ಬಾಯಲ್ಲಿ ಓ ಅಲ್ಲ, ಹಾಡೇ ಹಾಡಿಸ್ತಿದ್ದೆ. ಯಾರೋ ಗುರುತಿಲ್ಲದವರ ಕೈಗೆ ಹೆತ್ತು ಬಂದವ್ಳೆ,” ಎನ್ನುತ್ತಿದ್ದರು. ಬೈದ ಮೇಲೆ ಸೆರಗಿನ ಗಂಟಿನಿಂದ ಕಲ್ಲುಸಕ್ಕರೆ ತೆಗೆದು ಸಂಪಿಗೆಯ ಬಾಯಿಗೆ ಹಾಕುತ್ತಿದ್ದರು.

ನಲವತ್ತಾರನೆಯ ದಿನ ನಾನು ಪಂಕಜಾಕ್ಷಿಯ ಮನೆಗೆ ಹೋದಾಗ ಅವಳು ಟ್ರಂಕಿಗೆ ಬಟ್ಟೆ ಮಡಚಿಡುತ್ತಿದ್ದಳು. ಸಂಪಿಗೆ ಇಟ್ಟದ್ದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು. ಪಂಕಜಾಕ್ಷಿ ಅವಳನ್ನು ಗದರಲಿಲ್ಲ. ತೆಗೆದದ್ದನ್ನು ಮತ್ತೆ ಮಡಚಿ ಇಡುತ್ತಿದ್ದಳು.

“ಎಲ್ಲಿಗೆ ಹೋಗ್ತೀರ ಅಕ್ಕ?” ಎಂದು ಕೇಳಿದೆ. ಆ ತಿಂಗಳು ನಾನು ಆಡಿದ ಅತಿ ಉದ್ದದ ಮಾತು ಅದು.

“ಗೊತ್ತಿಲ್ಲ ಕಣೆ. ಅಲ್ಲಿಗೆ ಹೋದ್ರೆ ಹಡಗು ಇಳಿಯೋಕೆ ಬಿಡಲ್ಲ. ಗಡಿಕಲ್ಲಿನ ಆಚೆ ಹುಣಸೆಮರ ಇದೆಯಲ್ಲ, ಮೊದಲು ಅದರ ಕೆಳಗೆ ಕೂತ್ಕೊಂಡು ಯೋಚನೆ ಮಾಡ್ತೀನಿ.” ಅವಳು ನಗಲು ನೋಡಿದಳು. “ನನ್ನ ಹೆಸರಿಗೆ ಬಾವಿ ಎಷ್ಟು ಚೆನ್ನಾಗಿ ಓ ಅನ್ನುತ್ತೆ ಗೊತ್ತಾ? ಹಾಡೋರ ದನಿ. ಅರ್ಧ ಕತ್ತರಿಸಿ ಇವಳಿಗೆ ಕೊಡೋ ಹಾಗಿದ್ರೆ ಕೊಟ್ಬಿಡ್ತಿದ್ದೆ.”

ಮಾರನೆಯ ದಿನ ನಾನು ಬಾವಿಯ ಮೆಟ್ಟಿಲು ಕೆರೆಯಲು ಇಳಿದೆ. ಕಟ್ಟೆಯ ಹಿಂದೆ ಒಂದು ಗಿಡ್ಡ ಬಾಗಿಲು. ಅಲ್ಲಿಂದ ಕಲ್ಲಿನ ಮೆಟ್ಟಿಲು ಗೋಡೆಯೊಳಗೇ ಸುತ್ತಿಕೊಂಡು ಕೆಳಗೆ ಹೋಗುತ್ತದೆ. ನೀರಿನಿಂದ ಎರಡಾಳು ಮೇಲೆ, ಹಿಂದೆ ದೀಪ ಇಡುತ್ತಿದ್ದ ಒಂದು ಗೂಡು. ಮುದುರಿಕೊಂಡರೆ ಒಬ್ಬರು ಕೂರಬಹುದು. ಮೇಲಿಂದ ಬಗ್ಗಿ ನೋಡಿದರೆ ಕಾಣುವುದಿಲ್ಲ. ಇಷ್ಟು ವರ್ಷ ಅದರ ಪಾಚಿ ಕೆರೆದಿದ್ದೆ, ಒಳಗೆ ಕೂತಿರಲಿಲ್ಲ. ಅವತ್ತು ಕೂತು ನೋಡಿದೆ. ಬಾಯಿ ತೆರೆದು ನೋಡಿದೆ. ಗಾಳಿ ಬಂತು.

ಮೇಲೆ ಬಂದಾಗ ಶಿವನಂಜಪ್ಪ ಮೇಷ್ಟ್ರು ಬಾಗಿಲ ಹತ್ತಿರ ನಿಂತಿದ್ದರು. ಆಕಾಶ ನೋಡುತ್ತಾ, “ಈ ಬಾಗ್ಲು ನಾಳೆ ಬೀಗ ಹಾಕಿರುತ್ತೋ ಹೇಗೆ?” ಎಂದರು. ನಾನು ಏನೂ ಹೇಳಲಿಲ್ಲ, ಅವರಿಗದು ಅಭ್ಯಾಸವಾಗಿತ್ತು. ಮಧ್ಯಾಹ್ನ ಕೆಂಪಾಜಿ ಬಂದು ಅದನ್ನೇ ಕೇಳಿದರು. ಸಂಜೆ ಬೀಗದ ಕೈ ಒಪ್ಪಿಸಲು ಹೋದರೆ ಗುರುಮಲ್ಲಪ್ಪನವರು ರಿಜಿಸ್ಟರಿನಿಂದ ತಲೆ ಎತ್ತದೆ, “ಮೆಟ್ಟಿಲ ಬಾಗ್ಲ ಬೀಗ ತುಕ್ಕು ಹಿಡಿದಿದೆ. ಎಣ್ಣೆ ಬಿಡ್ಬೇಕು. ನಾಳೆ ಒಂದು ದಿನ ಹಾಕ್ಬೇಡ,” ಎಂದರು. ಬೀಗಕ್ಕೆ ನಾನು ಮೊನ್ನೆ ತಾನೇ ಎಣ್ಣೆ ಬಿಟ್ಟಿದ್ದೆ.

ನಲವತ್ತೆಂಟನೆಯ ದಿನ ಹತ್ತು ಗಂಟೆಗೆ ಕೂಗು. ಒಂಬತ್ತಕ್ಕೇ ನಾನು ಗೂಡಿನಲ್ಲಿ ಮುದುರಿ ಕೂತೆ. ಮೇಲೆ ದುಂಡಗಿನ ಆಕಾಶದ ಸುತ್ತ ಒಂದೊಂದೇ ತಲೆ ಸೇರತೊಡಗಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅದರ ಹಿಂದೆಯೇ ಇನ್ನೊಂದು ಸದ್ದು, ಬರಿಗಾಲಿನದು.

“ಯಾರದು?” ಮೇಷ್ಟ್ರ ಪಿಸುದನಿ.

“ನಾನು ಕಣಪ್ಪಾ, ಕೆಂಪಿ.”

“ನೀವೇನಮ್ಮ ಇಲ್ಲಿ?”

“ನನ್ನ ಚೊಂಬು ಬಿದ್ದಿತ್ತು. ಹುಡುಕೋಕೆ ಬಂದೆ.”

“ಯಾವಾಗ ಬಿದ್ದದ್ದು?”

“ಹೋದ ವರ್ಷ. ನೀವ್ಯಾಕೆ ಬಂದ್ರಿ ಮೇಷ್ಟ್ರೇ?”

“ನಾನು ಕಲ್ಲಿನ ಜಾತಿ ನೋಡೋಕೆ ಬಂದೆ. ಪಾಠಕ್ಕೆ ಬೇಕಿತ್ತು.”

“ಮನೆಗೆ ಕಳಿಸಿ ಎಂಟು ವರ್ಷ ಆಯ್ತಲ್ಲ, ಯಾರಿಗೆ ಪಾಠ?” ಎಂದು ಕೆಂಪಾಜಿ ಇನ್ನೊಂದು ಮೆಟ್ಟಿಲು ಇಳಿದು ನನ್ನ ಮೊಣಕಾಲು ತುಳಿದರು. “ಅಯ್ಯೋ, ಇದ್ಯಾವುದು ಮೂಟೆ! ಓ, ನೀನಾ? ಸರಿ, ನೀನು ಪಾಚಿ ಕೆರೆಯೋಳು, ನಿಂದು ನ್ಯಾಯವಾದ ಕೆಲಸ.”

ಅಷ್ಟರಲ್ಲಿ ಮೇಲಿಂದ ಕೂಗು ಬಂತು. “ಬಾವಿಕೇರಿ ಪಂಕಜಾಕ್ಷಿ ಮಗಳು ಸಂಪಿಗೇ...”

ಬಾವಿ ಸುಮ್ಮನಿತ್ತು. ಕೆಂಪಾಜಿ ಮೇಷ್ಟ್ರಿಗೆ ಮೊಣಕೈಯಲ್ಲಿ ತಿವಿದರು. “ಹೂಂ, ಅನ್ನಿ. ಓದಿದವರು ನೀವು.”

“ಛೆ ಛೆ, ನೀವು ಹಿರಿಯರು. ನಿಮ್ಮ ಮುಂದೆ ನಾನು ಅನ್ನೋದು ಸರಿಯಲ್ಲ. ಊರಿಗೆಲ್ಲ ಹೆರಿಗೆ ಮಾಡಿಸಿದ ಕೈ.”

“ಕೈಯಲ್ಲಿ ಓ ಅನ್ನೋಕಾಗುತ್ತಾ? ನಲವತ್ತು ವರ್ಷ ಮಕ್ಕಳ ಮೇಲೆ ಕಿರುಚಿದ ಗಂಟಲು ನಿಮ್ದು.”

“ಸಂಪಿಗೇ...” ಎರಡನೆಯ ಕೂಗು.

“ಹೆಣ್ಣು ಮಗುವಿನ ಹೆಸರಿಗೆ ಹೆಣ್ಣು ದನಿಯೇ ಚೆನ್ನ ಕೆಂಪಮ್ಮ, ದಯವಿಟ್ಟು.”

“ಬೋರಯ್ಯನ ದನಿ ಯಾವ ಚೆಂದಕ್ಕಿದೆ? ದಯವಿಟ್ಟು ಅನ್ಬೇಡಿ, ಓ ಅನ್ನಿ!”

“ನೀವು ಮೊದಲು.”

“ನೀವು ಅನ್ನಿ ಅಂದ್ರೆ...”

ಇಬ್ಬರಿಗೂ ಮರ್ಯಾದೆ ಬಹಳ. ಮದುವೆ ಮನೆಯಲ್ಲೂ ಇವರು ಹೀಗೇ, ಕೈ ತೊಳೆಯಲು ನೀವು ಮೊದಲು ನೀವು ಮೊದಲು ಎಂದು ಸಾಂಬಾರು ಆರಿಸುತ್ತಾರೆ. ನಾನು ಮೇಲೆ ನೋಡಿದೆ. ಕಟ್ಟೆಯ ಅಂಚಿನಲ್ಲಿ ತಲೆಗಳ ನಡುವೆ ಒಂದು ಪುಟ್ಟ ತಲೆ. ಪಂಕಜಾಕ್ಷಿ ಮಗಳನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಟ್ರಂಕು.

“ಬಾವಿಕೇರಿ ಪಂಕಜಾಕ್ಷಿ ಮಗಳು ಸಂಪಿಗೇ...” ಮೂರನೆಯ ಕೂಗನ್ನು ಗುರುಮಲ್ಲಪ್ಪನವರು ಎಳೆದರು. ಅಷ್ಟು ಉದ್ದ ಯಾರ ಹೆಸರನ್ನೂ ಅವರು ಎಳೆದದ್ದಿಲ್ಲ. ಕೊನೆಗೆ ಉಸಿರು ಮುಗಿದು ನಿಂತಿತು.

ಮೇಷ್ಟ್ರು ಕೆಂಪಾಜಿಯನ್ನು ನೋಡುತ್ತಿದ್ದರು, ಕೆಂಪಾಜಿ ಮೇಷ್ಟ್ರನ್ನು. ನನ್ನ ಎದೆ ಹಾಜರಿಯ ದಿನಗಳ ಹಾಗೆಯೇ ಡವಗುಟ್ಟುತ್ತಿತ್ತು. ಬಾಯಿ ತೆರೆದೆ. ಗಾಳಿ ಬಂತು. ಗಾಳಿಯ ಹಿಂದೆ ಒಂದು ಗೊರಗೊರ ಬಂತು. ಅದರ ಹಿಂದೆ, ತಡವಾಗಿ, ಎಣ್ಣೆ ಕಾಣದ ಬಾಗಿಲಿನ ಹಾಗೆ, “ಓ...” ಎಂದು ಬಂತು. ಅದು ನನ್ನದೇ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಕಲ್ಲಿನ ಸುತ್ತ ಸುತ್ತಿ, ದೊಡ್ಡದಾಗಿ, ನಡುಗುತ್ತಾ ಅದು ಮೇಲಕ್ಕೆ ಹೋಯಿತು.

ಮೇಲೆ ತಲೆಗಳೆಲ್ಲ ಇನ್ನಷ್ಟು ಬಗ್ಗಿದವು. ಆಮೇಲೆ ಬೋರಯ್ಯನವರ ದನಿ ಕೇಳಿತು, ಇಷ್ಟು ವರ್ಷದ ಮೇಲೆ ಅವರೂ ಬಾವಿಗೆ ಬಂದಿದ್ದರು. “ಏನ್ರೀ ಗುಮಾಸ್ತರೇ, ಬಾವಿಗೆ ಗಂಟಲು ಕಟ್ಟಿದೆಯಾ?”

“ಹೊಸ ಹೆಸರು ನೋಡಿ, ನಾಚ್ಕೊಂಡಿದೆ,” ಎಂದರು ಗುರುಮಲ್ಲಪ್ಪನವರು. “ಓ ಅಂತು ತಾನೆ? ಎಲ್ಲರೂ ಕೇಳಿದ್ರಿ ತಾನೆ? ಪಂಕಜಾಕ್ಷಿ, ಟ್ರಂಕು ಇಳಿಸಮ್ಮ, ಕಟ್ಟೆ ಮೇಲೆ ಸಾಮಾನು ಇಡೋ ಹಾಗಿಲ್ಲ.”

ಪಂಕಜಾಕ್ಷಿ ಅಳುವುದು ಕೇಳಿತು, ಸಂಪಿಗೆ ಕುಣಿಯುತ್ತಾ, “ಬಾವಿಗೆ ನಾನು ಗೊತ್ತು! ಗೊತ್ತು!” ಎನ್ನುವುದು ಕೇಳಿತು. ಗೂಡಿನ ಪಕ್ಕ ನಿಂತಿದ್ದ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಮೆಟ್ಟಿಲು ಹತ್ತುವಾಗ ನನ್ನ ಕಡೆ ತಿರುಗದೆ, “ಹನ್ನೊಂದು ವರ್ಷ ತಡ ಆಯ್ತು ಕಣಮ್ಮ. ಇರಲಿ, ಹಾಜರಿ ಹಾಕ್ಕೊಂಡಿದ್ದೀನಿ,” ಎಂದರು. ಕೆಂಪಾಜಿ ಚೊಂಬಿಲ್ಲದೆ ಹೋದರು.

ಸಂಪಿಗೆಗೆ ಚೀಟಿ ಬಂತು, ಅಂಗನವಾಡಿಗೆ ಸೇರಿದಳು. ಅಲ್ಲಿ ಹಾಜರಿ ಕೂಗಿದರೆ ತನ್ನದಕ್ಕಷ್ಟೇ ಅಲ್ಲದೆ ಬರದವರ ಹೆಸರಿಗೂ ಓ ಅನ್ನುತ್ತಾಳೆಂದು ದೂರು ಬಂತು. ನನಗೆ ಮಾತ್ರ ನಿದ್ದೆ ಹಾರಿತು. ನಮ್ಮಲ್ಲಿ ಸಂಕ್ರಾಂತಿಯ ಮಾರನೆಯ ದಿನ ವರ್ಷದ ಹಾಜರಿ. ಊರಿನ ಪ್ರತಿಯೊಂದು ಹೆಸರನ್ನೂ ಬಾವಿಗೆ ಕೂಗುತ್ತಾರೆ. ಅವತ್ತು ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿ, ಅದಕ್ಕೆ ಅರಗಿನ ಮುದ್ರೆ ಒತ್ತಿ, ಬೀಗದ ಕೈಯನ್ನು ಗುಮಾಸ್ತರು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಾರೆ. ಹೊಸದಾಗಿ ಸೇರಿದ ಹೆಸರಿಗೆ ಮೊದಲ ಹಾಜರಿಯಲ್ಲಿ ಓ ಬರದಿದ್ದರೆ ಚೀಟಿ ರದ್ದು.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಡಲು ಹೋದಾಗ ಧೈರ್ಯ ಮಾಡಿ ಕೇಳಿದೆ. “ಮಾವ, ಸಂಪಿಗೆ ಹೆಸರು ಈ ವರ್ಷ ಬಿಡಬಹುದಾ?”

“ಬಿಡೋಕೆ ಬರಲ್ಲ.”

“ಕೂಗೋದು ಮರೆತ ಹಾಗೆ...”

“ಹದಿನೈದು ವರ್ಷದಲ್ಲಿ ನಾನೇನಾದ್ರೂ ಮರೆತದ್ದು ನೋಡಿದ್ದೀಯಾ?” ಎಂದರು. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ನಾಳೆ ಮೇಲೆ ನನ್ನ ಪಕ್ಕ ನಿಂತು ರಿಜಿಸ್ಟರ್ ಹಿಡ್ಕೊ. ನೋಡೋಣ.”

ಹಾಜರಿಯ ದಿನ ನಾನು ಅವರ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ರಿಜಿಸ್ಟರ್ ಹಿಡಿದು ನಿಂತೆ. ಕೇರಿ ಕೇರಿಯಾಗಿ ಹೆಸರುಗಳು ಇಳಿದವು, ಓಗಳು ಮೇಲೆ ಬಂದವು. ಪಂಕಜಾಕ್ಷಿಯ ಹೆಸರಿಗೆ ಹಾಡುವವರ ದನಿ ಬಂತು. ಹೊಸ ಹೆಸರನ್ನು ಕೇರಿಯ ಕೊನೆಗೆ ಬರೆಯುವುದು ಪದ್ಧತಿ. ಮಾವನ ಬೆರಳು ಅಲ್ಲಿಗೆ ಬರುವ ಹೊತ್ತಿಗೆ ನಾನು ತಲೆ ಎತ್ತಿ ನೋಡಿದೆ. ಮೇಷ್ಟ್ರು ನನ್ನ ಎದುರಿಗಿದ್ದರು, ಕೆಂಪಾಜಿ ಅವರ ಪಕ್ಕ. ಮೂವರೂ ಮೇಲೆಯೇ ಇದ್ದೆವು.

“ಬಾವಿಕೇರಿ ಪಂಕಜಾಕ್ಷಿ ಮಗಳು ಸಂಪಿಗೇ...”

ಏನೂ ಬರಲಿಲ್ಲ. ಪಂಕಜಾಕ್ಷಿಯ ಕೈ ಮಗಳ ಭುಜದ ಮೇಲೆ ಬಿಗಿಯಾಯಿತು. ಆಮೇಲೆ ಕೆಳಗೆ, ನೀರಿನ ಹತ್ತಿರ, ಗಾಳಿ ಎಳೆದುಕೊಂಡ ಸದ್ದಾಯಿತು. ಗಾಳಿಯ ಹಿಂದೆ ಒಂದು ಗೊರಗೊರ. ಅದರ ಹಿಂದೆ, ತಡವಾಗಿ, ಎಣ್ಣೆ ಕಾಣದ ಬಾಗಿಲಿನ ಹಾಗೆ, “ಓ...”

ನನ್ನ ಬಾಯಿ ಮುಚ್ಚೇ ಇತ್ತು. ಮುಟ್ಟಿ ನೋಡಿಕೊಂಡೆ.

ಮೇಷ್ಟ್ರು ಕೆಂಪಾಜಿಯನ್ನು ನೋಡಿದರು. ಕೆಂಪಾಜಿ ನನ್ನನ್ನು ನೋಡಿ, ಎಲೆ ಅಡಿಕೆಯ ಕೆಂಪು ಬಾಯಿ ಅಗಲಿಸಿ ನಕ್ಕರು. “ದೊಡ್ಡಿ, ಬಾವಿ ನಿನ್ನ ಥರಾನೇ ಅನ್ನುತ್ತೆ!” ಎಂದು ಸಂಪಿಗೆ ಕೂಗಿದಳು. ಗುರುಮಲ್ಲಪ್ಪನವರು ಮಾತ್ರ ಏನೂ ಆಗದವರ ಹಾಗೆ ಹೆಸರಿನ ಮುಂದೆ ಗುರುತು ಹಾಕಿ, ಹಾಳೆ ತಿರುವಿದರು. ಬಾವಿ ಕಚೇರಿಯವರ ಹೆಸರು ಎಲ್ಲಕ್ಕಿಂತ ಕೊನೆಗೆ. ಅವರು ಕಿವಿಗೆ ಬೆರಳಿಟ್ಟು ಬಗ್ಗಿದರು.

“ಕಚೇರಿ ಕೆಲಸದ ದೊಡ್ಡತಾಯೀ...”

ಬಾವಿ ಮೂಗಿನಲ್ಲಿ ಓ ಅಂದಿತು. ಕೊನೆಗೊಂದು ಸೀನು, ನಸ್ಯ ಏರಿಸಿದವರದು, ಕಣ್ಣಲ್ಲಿ ನೀರು ಬರುವಂಥದ್ದು. ಮಕ್ಕಳು ಎಂದಿನ ಹಾಗೆ ನಕ್ಕರು. ನಾನು ಹುಟ್ಟಿದಾಗ ಗಾಡಿ ಗಡಿಕಲ್ಲು ದಾಟಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದ ಸೀನನ್ನು ಅವತ್ತು ಮೊದಲ ಸಲ ಕಿವಿಗೊಟ್ಟು ಕೇಳಿ, ತಲೆ ಎತ್ತಿ ಮಾವನ ಮುಖ ನೋಡಿದೆ.

ಅವರು ನನ್ನ ಕಡೆ ನೋಡಲಿಲ್ಲ. ಜೇಬು ತಡವಿ ನಸ್ಯದ ಡಬ್ಬಿ ಹುಡುಕುತ್ತಿದ್ದರು.

“ಹೂಂ,” ಎಂದರು. “ಹಾಜರ್ ಅಂತ ಬರ್ಕೊ.”